ಬಳ್ಳಿಗಾವಿಗೆ ಹತ್ತು ಸ್ಕೂಟರ್ ಕೊಡಿ, ಅದಕ್ಕೂ ಮೊದಲು ಕತೆ ಹೇಳುವವರನ್ನು ಕೊಡಿ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಪ್ರವಾಸೋದ್ಯಮ ಇಲಾಖೆಯವರಿಗೆ, ಹಾಗೇ ಇದನ್ನು ಓದುವ ಶಿಕಾರಿಪುರ, ಸೊರಬ, ಸಾಗರದ ಕಡೆಯ ಎಲ್ಲರಿಗೂ ನಮಸ್ಕಾರ.

ನಾನು ಶಿರಾಳಕೊಪ್ಪದ ಹತ್ತಿರ ಟೂ ವೀಲರ್ ಗ್ಯಾರೇಜ್ ಇಟ್ಟುಕೊಂಡವನು. ಪತ್ರ ಬರೆದು ಅಭ್ಯಾಸ ಇಲ್ಲ, ಅದಕ್ಕೇ ಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಹಳೆಯ ಗುಡಿ, ಶಾಸನಗಳಿರುವ ನಮ್ಮ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ, ತಾಳಗುಂದ ಎರಡನ್ನೂ ಎಲೆಕ್ಟ್ರಿಕ್ ಸ್ಕೂಟರ್ ಮೇಲೆ, ಗೈಡ್ ಜೊತೆ ಸುತ್ತಿಸುವ ಒಂದು ವ್ಯವಸ್ಥೆ ಮಾಡಿ. ಶಿರಾಳಕೊಪ್ಪ ಬಸ್ ಸ್ಟ್ಯಾಂಡಿನಿಂದ ಹೊರಟು ಮತ್ತೆ ಅಲ್ಲಿಗೇ ಬರಲಿ. ದೊಡ್ಡ ಯೋಜನೆ ಏನೂ ಬೇಡ. ಹತ್ತು ಗಾಡಿ, ಚೆನ್ನಾಗಿ ತಯಾರಾದ ನಾಲ್ಕೈದು ಗೈಡ್‌ಗಳು, ಬೆಳಿಗ್ಗೆ ಒಂದು ಸುತ್ತು, ಸಂಜೆ ಬಿಸಿಲು ಇಳಿದ ಮೇಲೆ ಒಂದು ಸುತ್ತು. ಅಷ್ಟೇ. (ಗ್ಯಾರೇಜಿನವನಿಗೆ ಇದರಲ್ಲಿ ಲಾಭ ಇಲ್ವಾ ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಇದೆ ಸ್ವಾಮಿ. ಪಂಕ್ಚರ್ ಆದರೆ ನನ್ನ ಹತ್ತಿರವೂ ಬರಬೇಕಾಗುತ್ತದೆ. ಆದರೂ ಮುಂದಕ್ಕೆ ಓದಿ.)

ಶಿವಮೊಗ್ಗ ಅಂದರೆ ಜೋಗ, ಆಗುಂಬೆ, ಸಕ್ರೆಬೈಲಿನ ಆನೆ, ತ್ಯಾವರೆಕೊಪ್ಪದ ಹುಲಿ ಸಿಂಹ. ಇವೆಲ್ಲ ಇರಲಿ, ಬೇಡ ಅನ್ನುವವರು ಯಾರು. 2023ರಲ್ಲಿ ಸೋಗಾನೆಗೆ ವಿಮಾನವೂ ಬಂತು. ಆದರೆ ನಮ್ಮ ಬಳ್ಳಿಗಾವಿಗೆ ಬರುವ ಜನ ಹೇಗೆ ಬಂದು ಹೇಗೆ ಹೋಗುತ್ತಾರೆ ಅನ್ನೋದನ್ನು ನೀವು ಒಂದು ದಿನ ನಿಂತು ನೋಡಬೇಕು. ಕಾರು ಕೇದಾರೇಶ್ವರ ಗುಡಿಯ ಗೇಟಿನ ಮುಂದೆ ನಿಲ್ಲುತ್ತದೆ. ಇಳಿಯುತ್ತಾರೆ, ಒಳಗೆ ಹೋಗಿ ಕೈಮುಗಿಯುತ್ತಾರೆ, ಹುಲ್ಲಿನ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ, ಕಾರು ಹತ್ತುತ್ತಾರೆ. ತ್ರಿಪುರಾಂತಕೇಶ್ವರ ಊರಿನ ಇನ್ನೊಂದು ಕಡೆ ಇದೆ ಅಂತ ಅರ್ಧ ಜನಕ್ಕೆ ಗೊತ್ತೇ ಆಗೋದಿಲ್ಲ. ತಾಳಗುಂದದ ಹೆಸರು ಕೇಳಿದವರಂತೂ ಇನ್ನೂ ಕಡಿಮೆ.

ಮೊನ್ನೆ ಬೆಂಗಳೂರಿನ ಗಂಡ ಹೆಂಡತಿ ಬೈಕಲ್ಲಿ ಬಂದಿದ್ದರು, ಹಿಂದಿನ ಚಕ್ರಕ್ಕೆ ಮೊಳೆ. ನಾನು ಟ್ಯೂಬ್ ಬಿಚ್ಚಿ ನೀರಿನ ಬೋಗುಣಿಯಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿ ಬರುತ್ತೆ ಅಂತ ಹುಡುಕ್ತಾ ಇದ್ದಾಗ, ಆ ಹುಡುಗಿ ಸುಮ್ನೆ ಕೇಳಿದಳು, "ಅಣ್ಣ, ಇಲ್ಲಿ ಇನ್ನೇನಿದೆ ನೋಡೋಕೆ?" ಕನ್ನಡಕ್ಕೆ ಸಿಕ್ಕಿರುವ ಬಹಳ ಹಳೆಯ ಬರಹಗಳಲ್ಲಿ ಒಂದು ಪಕ್ಕದ ತಾಳಗುಂದದಲ್ಲೇ ಸಿಕ್ಕಿದ್ದು ಅಂದೆ. ಅವರು ಅದೇ ಊರಿನ ಬೋರ್ಡ್ ದಾಟಿಕೊಂಡೇ ಬಂದಿದ್ದರಂತೆ! ನನ್ನ ಕೈ ಪ್ಯಾಚ್ ಉಜ್ಜುತ್ತಿತ್ತು, ಬಾಯಿ ಮಯೂರಶರ್ಮನ ಕತೆ ಹೇಳುತ್ತಿತ್ತು. ಪಂಕ್ಚರ್ ಆಗದೇ ಇದ್ದಿದ್ದರೆ ಅವರು ಸೀದಾ ಜೋಗಕ್ಕೆ ಹೋಗಿರುತ್ತಿದ್ದರು.

ಈಗ ಸ್ಕೂಟರಿನ ವಿಷಯ. ನನ್ನ ಅಕ್ಕನ ಮಗಳು ಓದಲಿಕ್ಕೆ ಅಂತ ಇಟಲಿಗೆ ಹೋಗಿದ್ದಾಳೆ. ಅವಳು ರೋಮಿನಲ್ಲಿ ಇಂಥದ್ದೇ ಒಂದು ಟೂರ್ ಮಾಡಿ, ರಾತ್ರಿ ವಿಡಿಯೋ ಕಾಲ್ ಮಾಡಿದಳು. ಅಲ್ಲಿಯದು ನಿಂತುಕೊಂಡು ಓಡಿಸುವ ಸ್ಕೂಟರ್. ಗೈಡ್ ಮುಂದೆ, ಏಳೆಂಟು ಜನ ಸಾಲಾಗಿ ಹಿಂದೆ, ಎಲ್ಲರ ಕಿವಿಗೂ ಒಂದೊಂದು ಇಯರ್‌ಫೋನ್. ಹೊರಡುವ ಮೊದಲು ಖಾಲಿ ಜಾಗದಲ್ಲಿ ಬ್ರೇಕ್ ಹಿಡಿಯೋದು, ತಿರುಗಿಸೋದು ಎಲ್ಲ ಅಭ್ಯಾಸ ಮಾಡಿಸಿದರಂತೆ. ನಾನು ನನ್ನ ಬುದ್ಧಿಗೆ ತಕ್ಕಂತೆ ಬ್ಯಾಟರಿ ಎಷ್ಟು ಹೊತ್ತು ಬರುತ್ತೆ, ಆ ಕಲ್ಲು ಹಾಸಿದ ಬೀದಿಯಲ್ಲಿ ಬೇರಿಂಗ್ ಹೋಗಲ್ವಾ ಅಂತೆಲ್ಲ ಕೇಳಿದೆ. "ಅದು ಬಿಡಿ ಮಾಮ, ಸರ್ಕಸ್ ಮ್ಯಾಕ್ಸಿಮಸ್ ಹತ್ತಿರ ಏನು ಮಾಡಿದರು ಗೊತ್ತಾ" ಅಂದಳು. ಅದು ಈಗ ಬರೀ ಉದ್ದಕ್ಕೆ ಬಿದ್ದಿರುವ ಹುಲ್ಲಿನ ಬಯಲು. ಹಿಂದೆ ಅಲ್ಲಿ ರಥದ ಓಟ ನಡೆಯುತ್ತಿತ್ತು, ಲಕ್ಷಕ್ಕಿಂತ ಜಾಸ್ತಿ ಜನ ಕೂತು ನೋಡುತ್ತಿದ್ದರು. ಗೈಡ್ ಎಲ್ಲರನ್ನೂ ಅಲ್ಲಿ ನಿಲ್ಲಿಸಿ, ರಥ ಎಲ್ಲಿಂದ ಹೊರಡುತ್ತಿತ್ತು, ಎಲ್ಲಿ ತಿರುಗುತ್ತಿತ್ತು, ಎಲ್ಲಿ ಮಗುಚುತ್ತಿತ್ತು ಅಂತ ಕೈ ತೋರಿಸಿ ತೋರಿಸಿ ಹೇಳಿದರಂತೆ. ಕೊಲೋಸಿಯಂಗಿಂತ ಆ ಖಾಲಿ ಬಯಲೇ ಜಾಸ್ತಿ ನೆನಪಿದೆ ಅಂದಳು.

ನಂಗೆ ಬಳ್ಳಿಗಾವಿಗೆ ಬೇಕಾದ್ದು ಏನು ಅಂತ ಹೊಳೆದಿದ್ದು ಅಲ್ಲೇ. ನಮ್ಮಲ್ಲೂ ಉಳಿದದ್ದು ಕಡಿಮೆ, ಹೋಗಿದ್ದು ಜಾಸ್ತಿ. ಒಂದು ಕಾಲಕ್ಕೆ ಬನವಾಸಿ ಹನ್ನೆರಡು ಸಾವಿರ ಸೀಮೆಗೆ ರಾಜಧಾನಿಯಾಗಿದ್ದ ಪಟ್ಟಣ ಇದು. ಹರಿ, ಹರ, ಬ್ರಹ್ಮ, ಜಿನ, ಬುದ್ಧ, ಐದೂ ದೇವರ ಮಠಗಳು ಒಂದೇ ಊರಲ್ಲಿದ್ದವು ಅಂತ ಶಾಸನ ಹೇಳುತ್ತದೆ. ಅದರಲ್ಲಿ ಬಹಳಷ್ಟು ಈಗ ಗದ್ದೆ ಕೆಳಗೆ, ಮನೆ ಗೋಡೆಯೊಳಗೆ, ಇಲ್ಲಾ ಕೇದಾರೇಶ್ವರದ ಪಕ್ಕ ಸಾಲಾಗಿ ಇಟ್ಟಿರುವ ಮುರಿದ ಶಿಲ್ಪಗಳಲ್ಲಿ ಇದೆ. ಇಂಥ ಊರನ್ನು ಕಾರಲ್ಲಿ ಕೂತು ನೋಡೋಕೆ ಆಗೋದಿಲ್ಲ. ಗಾಜು ಇಳಿಸುವಷ್ಟರಲ್ಲಿ ಊರು ಮುಗಿದಿರುತ್ತದೆ. ನಡೆದು ನೋಡೋಣ ಅಂದರೆ ಬಳ್ಳಿಗಾವಿಯೊಳಗೆ ಸರಿ, ತಾಳಗುಂದಕ್ಕೆ ಬಿಸಿಲಲ್ಲಿ ವಯಸ್ಸಾದವರನ್ನು ನಡೆಸೋಕೆ ಆಗತ್ತಾ? ಮೆಲ್ಲಗೆ ಹೋಗುವ, ಎಲ್ಲಿ ಬೇಕಾದರೂ ನಿಲ್ಲಿಸಬಹುದಾದ, ಸದ್ದಿಲ್ಲದ ಗಾಡಿ ಬೇಕು. ಸದ್ದಿಲ್ಲ ಅನ್ನೋದು ಮುಖ್ಯ. ಮುಂದಿನ ಗಾಡಿಯವನು ಹೇಳಿದ್ದು ಹಿಂದಿನವನಿಗೆ ಕೇಳುತ್ತದೆ. ದನಗಳಿಗೆ ಮಾತ್ರ ಕೇಳೋದಿಲ್ಲ, ಅದಕ್ಕೆ ಹಾರ್ನ್ ಇದೆ.

ಆದರೆ ರೋಮಿನ ಸ್ಕೂಟರನ್ನು ಹಾಗೇ ತಂದು ಇಲ್ಲಿ ಇಳಿಸಬೇಡಿ. ಅಲ್ಲಿ ಗೈಡ್ ಇಲ್ಲದೆ, ಮೊಬೈಲ್ ಆ್ಯಪ್ ಒತ್ತಿ ಯಾರು ಬೇಕಾದರೂ ಬಾಡಿಗೆಗೆ ತಗೊಂಡು ಎಲ್ಲಿ ಬೇಕಾದರೂ ಬಿಟ್ಟು ಹೋಗುವ ಸ್ಕೂಟರ್‌ಗಳೂ ಇವೆ. ಅವುಗಳ ಪಾಡು ಬೇರೆ. 2022ರಲ್ಲಿ ಒಬ್ಬಳು ಪ್ರವಾಸಿ ಅಲ್ಲಿನ ಸ್ಪ್ಯಾನಿಷ್ ಸ್ಟೆಪ್ಸ್ ಅನ್ನುವ ಮುನ್ನೂರು ವರ್ಷ ಹಳೆಯ ಮೆಟ್ಟಿಲ ಮೇಲಿಂದ ಸ್ಕೂಟರನ್ನು ಕೆಳಕ್ಕೆ ತಳ್ಳಿ 25 ಸಾವಿರ ಯೂರೋ ನಷ್ಟ ಮಾಡಿದಳು. ಪ್ಯಾರಿಸಿನಲ್ಲಿ ಫುಟ್‌ಪಾತ್ ತುಂಬ ಬಿದ್ದಿದ್ದ ಸ್ಕೂಟರ್ ನೋಡಿ ಜನ ಬೇಸತ್ತು, 2023ರ ಏಪ್ರಿಲ್‌ನಲ್ಲಿ ವೋಟು ಹಾಕಿಸಿದರೆ ಹತ್ತಿರ ಹತ್ತಿರ ನೂರಕ್ಕೆ 90 ವೋಟು ಬೇಡ ಅಂತಲೇ ಬಿತ್ತು. ವೋಟು ಹಾಕಲು ಬಂದವರು ನೂರಕ್ಕೆ ಎಂಟು ಜನವೂ ಇರಲಿಲ್ಲ ಅನ್ನೋದು ಬೇರೆ ಮಾತು. ಅಂತೂ ಆ ಸೆಪ್ಟೆಂಬರ್ ಹೊತ್ತಿಗೆ ಬಾಡಿಗೆ ಸ್ಕೂಟರ್ ಅಲ್ಲಿಂದ ಖಾಲಿ. ಇಟಲಿಯಲ್ಲೂ 2024ರ ಡಿಸೆಂಬರ್‌ನಿಂದ ಎಲ್ಲರಿಗೂ ಹೆಲ್ಮೆಟ್ ಕಡ್ಡಾಯ ಆಯಿತು. ಗಾಡಿಯ ತಪ್ಪಲ್ಲ, ಗಾಡಿಯನ್ನು ಹೇಳೋರು ಕೇಳೋರು ಇಲ್ಲದೆ ಬಿಟ್ಟದ್ದು ತಪ್ಪು.

ನಮಗೆ ಬೇಕಾದ್ದು ಕೂತು ಓಡಿಸುವ ಸಣ್ಣ ಸ್ಕೂಟರ್. ನಮ್ಮ ದೇಶದ ನಿಯಮದಲ್ಲೇ ಇದಕ್ಕೆ ದಾರಿ ಇದೆ. ಮೋಟರ್ 250 ವ್ಯಾಟ್ ಒಳಗಿದ್ದು, ಗಂಟೆಗೆ 25 ಕಿಲೋಮೀಟರ್‌ಗಿಂತ ಜಾಸ್ತಿ ಓಡದ, ಸರಿಯಾಗಿ ಪರೀಕ್ಷೆಯಾಗಿ ಸರ್ಟಿಫಿಕೇಟ್ ಸಿಕ್ಕಿರುವ ಗಾಡಿಗೆ ರಿಜಿಸ್ಟ್ರೇಷನ್ ಬೇಡ, ಓಡಿಸುವವರಿಗೆ ಡಿಎಲ್ ಬೇಡ. ಬೆಂಗಳೂರಿನ ಅತ್ತೆಯೂ ಓಡಿಸಬಹುದು, ಸೊಸೆಯೂ ಓಡಿಸಬಹುದು. ನಮ್ಮ ಕಡೆ ಏರು ಇಳಿವೂ ಜಾಸ್ತಿ ಇಲ್ಲ. ಇದು ತೀರ್ಥಹಳ್ಳಿಯ ಘಾಟಿ ಅಲ್ಲ, ಅರೆ ಮಲೆನಾಡು. 250 ವ್ಯಾಟ್ ಸಾಕು.

ಟೆಂಡರ್ ಬರೆಯುವವರಿಗೆ ಗ್ಯಾರೇಜಿನವನ ಮೂರು ಮಾತು. ಒಂದು, ಲೆಡ್ ಆಸಿಡ್ ಬ್ಯಾಟರಿಯ ಗಾಡಿ ಅಗ್ಗ ಅಂತ ತಗೋಬೇಡಿ. ಚಾರ್ಜ್ ಇಳಿದ ಗಾಡಿಯನ್ನು ಮಳೆಗಾಲದಲ್ಲಿ ಮೂಲೆಗೆ ನಿಲ್ಲಿಸಿಟ್ಟರೆ ದೀಪಾವಳಿ ಹೊತ್ತಿಗೆ ಬ್ಯಾಟರಿ ಸತ್ತಿರುತ್ತದೆ, ಆಮೇಲೆ ಗಾಡಿಯನ್ನು ತಳ್ಳಬೇಕು ಅಷ್ಟೇ. ಲಿಥಿಯಂ ಇರಲಿ. 2022ರಲ್ಲಿ ಎಲೆಕ್ಟ್ರಿಕ್ ಸ್ಕೂಟರ್‌ಗಳಿಗೆ ಬೆಂಕಿ ಹತ್ತಿದ ಸುದ್ದಿ ಸಾಲು ಸಾಲು ಬಂದ ಮೇಲೆ ಸರ್ಕಾರವೇ ಬ್ಯಾಟರಿ ಸುರಕ್ಷತೆಯ ಎಐಎಸ್ 156 ನಿಯಮ ಬಿಗಿ ಮಾಡಿದೆ. ಇಂಥ ಸಣ್ಣ ಗಾಡಿಗೆ ಅದು ಕಡ್ಡಾಯ ಇರಲಿ ಬಿಡಲಿ, ಆ ಪರೀಕ್ಷೆ ಪಾಸಾದ ಬ್ಯಾಟರಿಯೇ ಬೇಕು ಅಂತ ಟೆಂಡರಿನಲ್ಲಿ ಬರೆಯಿರಿ. ಎರಡು, ಸ್ಪೀಡ್ ಲಾಕ್. ಕೆಲವು ಗಾಡಿಗಳಲ್ಲಿ ಒಂದು ವೈರ್ ಕಿತ್ತರೆ ಸಾಕು, 25ರ ಗಾಡಿ 40 ದಾಟುತ್ತದೆ. ನಮ್ಮ ಹುಡುಗರಿಗೆ ಇದು ನಿಮಗಿಂತ ಚೆನ್ನಾಗಿ ಗೊತ್ತು. ಆಗ ಅದು ನಿಯಮದ ಪ್ರಕಾರ ಡಿಎಲ್ ಬೇಕಾದ ಗಾಡಿ ಆಗಿಬಿಡುತ್ತದೆ, ಅಪಘಾತ ಆದರೆ ಇನ್ಶೂರೆನ್ಸ್ ಕಂಪನಿ ಕೈ ಎತ್ತುತ್ತದೆ. ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸಿ. ಮೂರು, ಬಿಡಿ ಭಾಗ. ಕಂಟ್ರೋಲರ್ ಹೋದರೆ ಶಿವಮೊಗ್ಗದಲ್ಲಾದರೂ ಸಿಗುವ ಕಂಪನಿಯದ್ದೇ ಗಾಡಿ ತಗೊಳ್ಳಿ. ಉದ್ಘಾಟನೆ ದಿನ ರಿಬ್ಬನ್ ಕಟ್ಟಿಸಿಕೊಂಡು, ಆಮೇಲೆ ಶೆಡ್ಡಿನಲ್ಲಿ ತುಕ್ಕು ಹಿಡಿದ ಸರ್ಕಾರಿ ಗಾಡಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಚಾರ್ಜಿಂಗ್‌ಗೆ ದೊಡ್ಡ ಸ್ಟೇಷನ್ ಬೇಕಿಲ್ಲ, ಮನೆಯ ಪ್ಲಗ್ಗೇ ಸಾಕು. ಆದರೆ ಗುಡಿ ಪಕ್ಕದಲ್ಲೇ ಶೆಡ್ ಹಾಕುತ್ತೇವೆ ಅಂತ ಯಾರಾದರೂ ನಕ್ಷೆ ತಂದರೆ ಹರಿದು ಹಾಕಿ. ಬಳ್ಳಿಗಾವಿಯ ಗುಡಿಗಳೂ ತಾಳಗುಂದದ ಪ್ರಣವೇಶ್ವರವೂ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ರಕ್ಷಿತ ಜಾಗದಿಂದ 100 ಮೀಟರ್ ಒಳಗೆ ಹೊಸದಾಗಿ ಏನೂ ಕಟ್ಟುವ ಹಾಗಿಲ್ಲ, ಅದರಾಚೆ ಇನ್ನೂ 200 ಮೀಟರ್‌ವರೆಗೆ ಅನುಮತಿ ಬೇಕು. ಬಸ್ ಸ್ಟ್ಯಾಂಡಿನ ಹತ್ತಿರವೇ ಒಂದು ಕೋಣೆ ಸಾಕು. ಗಾಡಿಗಳು ಗೇಟಿನಾಚೆಯೇ ನಿಲ್ಲಲಿ, ಒಳಗೆ ಎಲ್ಲರೂ ನಡೆದೇ ಹೋಗಲಿ.

ಇನ್ನೊಂದು ಮಾತು, ಇದನ್ನು ಶಿವಮೊಗ್ಗದ ಆಫೀಸಿನಲ್ಲಿ ಕೂತವರು ಮರೆಯುತ್ತಾರೆ. ನಮ್ಮ ಕಡೆ ಜೋಳದ ಸುಗ್ಗಿಯಲ್ಲಿ ಅರ್ಧ ರಸ್ತೆ ಕಣ ಆಗಿರುತ್ತದೆ. ಮೆಕ್ಕೆಜೋಳ ಹರಡಿರುತ್ತಾರೆ, ಅದರಂಚಿಗೆ ಕಲ್ಲು ಇಟ್ಟಿರುತ್ತಾರೆ. ಜೋಳದ ಕಾಳಿನ ಮೇಲೆ ಸ್ಕೂಟರಿನ ಸಣ್ಣ ಚಕ್ರ ಹತ್ತಿ, ಮುಂದಿನ ಬ್ರೇಕ್ ಹಿಡಿದರೆ ಗಾಡಿ ಅಲ್ಲೇ ಮಲಗುತ್ತದೆ. ಹಾಗಂತ ರೈತರನ್ನು ಎಬ್ಬಿಸಬೇಡಿ, ಅವರಿಗೆ ಬೇರೆ ಕಣ ಎಲ್ಲಿದೆ? ಗೈಡ್‌ಗೆ ಗೊತ್ತಿರಬೇಕು, ಈ ವಾರ ಯಾವ ರಸ್ತೆ ಅಂತ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಜೋರಿದ್ದ ದಿನ ಟೂರ್ ಇಲ್ಲ ಅಂತ ಧೈರ್ಯವಾಗಿ ಬೋರ್ಡ್ ಹಾಕಿ.

ಈಗ ನನಗೆ ಇಷ್ಟವಾದ ಭಾಗ, ಗೈಡ್ ಏನು ಹೇಳಬೇಕು ಅನ್ನೋದು. ಗಾಡಿಗಿಂತ ಇದೇ ದೊಡ್ಡದು.

ಮೊದಲು ಕೇದಾರೇಶ್ವರ. ಮೂರು ಗರ್ಭಗುಡಿ, ತಿರುಗಣೆಯಲ್ಲಿ ಕಡೆದ ಕಂಬ, ಶಿಖರದ ಮುಂದೆ ಸಿಂಹದ ಜೊತೆ ಹೋರಾಡುವ ಸಳ, ಇದೆಲ್ಲ ಬೋರ್ಡ್ ಓದಿದರೂ ಗೊತ್ತಾಗುತ್ತದೆ. ಇಲ್ಲಿದ್ದ ಕೋಡಿಯ ಮಠದ ಕತೆ ಯಾರು ಹೇಳುತ್ತಾರೆ? 1162ರ ಒಂದು ಶಾಸನ ಇದೆ, ಕಲಚುರಿ ಬಿಜ್ಜಳನ ಕಾಲದ್ದು. ಇಲ್ಲಿ ನಾಲ್ಕು ವೇದ ಓದಿಸುತ್ತಿದ್ದರು, ಬಗೆಬಗೆಯ ವ್ಯಾಕರಣ ಹೇಳಿಕೊಡುತ್ತಿದ್ದರು, ನ್ಯಾಯ, ಸಾಂಖ್ಯ, ಬೌದ್ಧ ಅಂತ ಬೇರೆ ಬೇರೆ ಮತದ ಶಾಸ್ತ್ರ, ಪುರಾಣ, ಕಾವ್ಯ, ನಾಟಕ ಎಲ್ಲ ನಡೆಯುತ್ತಿತ್ತು ಅಂತ ಅದರಲ್ಲಿದೆ. ಶೈವ ಮಠದಲ್ಲಿ ಬೌದ್ಧರ ಶಾಸ್ತ್ರ! ಅಷ್ಟೇ ಅಲ್ಲ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಕತೆ ಹೇಳುವವರು, ಹಾಡುವವರು, ಕೊಳಲು ಊದುವವರು, ಕುಣಿಯುವವರು, ಎಲ್ಲೆಲ್ಲಿಂದಲೋ ಬಂದ ಭಿಕ್ಷುಕರು ಮತ್ತು ಸನ್ಯಾಸಿಗಳಿಗೆ ಊಟ ಹಾಕುವ ಜಾಗ ಅದು, ದಿಕ್ಕಿಲ್ಲದ ರೋಗಿಗಳಿಗೆ ಔಷಧ ಕೊಡುವ ಜಾಗ ಅದು. ಆ ಪಟ್ಟಿಯನ್ನು ಗುಡಿಯ ಮುಂದೆ ನಿಂತು ಒಬ್ಬ ಹುಡುಗಿ ಗಟ್ಟಿಯಾಗಿ ಓದಿದರೆ, ರೀಲ್ಸ್ ಮಾಡಲು ಬಂದವರೂ ಫೋನ್ ಕೆಳಗಿಡುತ್ತಾರೆ. ನನಗಂತೂ ಮೊದಲ ಸಲ ಕೇಳಿದಾಗ ಮೈ ಜುಂ ಅಂದಿತ್ತು.

ಅಲ್ಲಿಂದ ಭೇರುಂಡೇಶ್ವರದ ಕಂಬ. 1047ರಲ್ಲಿ ಚಾಲುಕ್ಯರ ಕೆಳಗೆ ಬನವಾಸಿ ಸೀಮೆ ಆಳುತ್ತಿದ್ದ ಚಾವುಂಡರಾಯ ನಿಲ್ಲಿಸಿದ್ದು, ಹೆಚ್ಚುಕಮ್ಮಿ ಮೂವತ್ತು ಅಡಿ ಎತ್ತರ. ಹಿಂದೆ ಈ ಭೇರುಂಡನ ಹೆಸರಲ್ಲಿ ಒಂದು ಗಳೆ ಇತ್ತು, ಹೊಲ ಗದ್ದೆ ಅಳೆಯುವ ಕೋಲು. ಸರ್ವೆ ಆಫೀಸಿಗೆ ಅಲೆಯುವ ನಮ್ಮ ರೈತರಿಗೆ ಇದನ್ನು ಹೇಳಿ ನೋಡಿ, ಎಷ್ಟು ಖುಷಿಯಾಗುತ್ತಾರೆ ಅಂತ. ಮಾನ್ಯ ಜಿಲ್ಲಾಧಿಕಾರಿಗಳೇ, ನೀವು ಈ ಪತ್ರಕ್ಕೆ ಉತ್ತರ ಬರೆದರೆ ಆ ಹಾಳೆಯ ತಲೆಯ ಮೇಲೂ ಗಂಡಭೇರುಂಡ ಇರುತ್ತದೆ, ಅದು ನಮ್ಮ ರಾಜ್ಯದ ಲಾಂಛನ. ಕೆಎಸ್ಆರ್‌ಟಿಸಿ ಬಸ್ಸಿನ ಮೇಲೂ ಅದೇ ಹಕ್ಕಿ. ಆ ಬಸ್ಸಲ್ಲೇ ಬಂದು ಇಳಿಯುವವರಿಗೆ ಇಲ್ಲಿ ಒಂಬೈನೂರು ವರ್ಷಕ್ಕೂ ಹಳೆಯ ಭೇರುಂಡನ ಕಂಬ ಇದೆ ಅಂತ ಹೇಳಲು ಒಬ್ಬರೂ ಇಲ್ಲ.

ತ್ರಿಪುರಾಂತಕದಲ್ಲಿ ಮಕ್ಕಳಿಗೆ ಪಂಚತಂತ್ರದ ಕೆತ್ತನೆ ತೋರಿಸಬಹುದು. ದೊಡ್ಡವರಿಗೆ ಬೇರೆ ಕೆತ್ತನೆಗಳೂ ಇವೆ, ಗೈಡ್ ಜಾಣತನದಿಂದ ನಿಭಾಯಿಸಲಿ. ಮದ್ದಳೆ ಬಾರಿಸುತ್ತಿದ್ದ ಅಲ್ಲಮ ಇದೇ ಬಳ್ಳಿಗಾವಿಯವನು. ಅಕ್ಕಮಹಾದೇವಿಯ ಉಡುತಡಿ, ವಚನ ಬರೆದ ಸತ್ಯಕ್ಕನ ಹಿರೇಜಂಬೂರು, ಎರಡೂ ಇದೇ ತಾಲ್ಲೂಕಿನಲ್ಲಿವೆ. ಸಮಯ ಇದ್ದವರಿಗೆ ಎರಡನೇ ದಿನದ ಸುತ್ತು ಅದೇ ಆಗಬಹುದು.

ಕೊನೆಗೆ ತಾಳಗುಂದ. ಪ್ರಣವೇಶ್ವರದ ಮುಂದಿನ ಕಂಬದ ಮೇಲೆ ಕುಬ್ಜ ಅನ್ನುವ ಕವಿ ಕೆತ್ತಿದ ಸಂಸ್ಕೃತದ ಪದ್ಯಗಳಿವೆ. ವೇದ ಓದಲು ಕಂಚಿಗೆ ಹೋದ ಮಯೂರಶರ್ಮ, ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳವಾಗಿ, ದರ್ಭೆ ಹಿಡಿಯುವ ಕೈಯಲ್ಲಿ ಕತ್ತಿ ಹಿಡಿದು ಕದಂಬರ ರಾಜ್ಯ ಕಟ್ಟಿದ ಅನ್ನುವ ಕತೆ ನಮಗೆ ಸಿಕ್ಕಿದ್ದು ಈ ಕಂಬದಿಂದ. ಆದರೆ ಕಂಬ ನಿಲ್ಲಿಸಿದ ಕಾರಣ ಯುದ್ಧ ಅಲ್ಲ. ಕದಂಬರ ರಾಜ ಕಾಕುಸ್ಥವರ್ಮ ಗುಡಿಯ ಹತ್ತಿರ ಒಂದು ಕೆರೆ ತೋಡಿಸಿದ, ಅದನ್ನು ಬರೆದಿಡಲು. ಇದನ್ನು ಕೆರೆ ಹೂಳೆತ್ತುವ ಸಭೆಯಲ್ಲೂ ಒಮ್ಮೆ ಹೇಳಿ ಪುಣ್ಯ ಕಟ್ಟಿಕೊಳ್ಳಿ. ಇದೇ ಆವರಣದಲ್ಲಿ 2013ರಲ್ಲಿ ಅಗೆದಾಗ ಸಿಂಹ ಕಟಾಂಜನದ (ಸಿಂಹ ಕೆತ್ತಿದ, ಮೆಟ್ಟಿಲ ಪಕ್ಕದ ಕಲ್ಲಿನ ತಡೆ) ಮೇಲಿನ, ಕನ್ನಡ ಮಾತುಗಳಿರುವ ಸಣ್ಣ ಶಾಸನ ಸಿಕ್ಕಿತು. ಪುರಾತತ್ವ ಇಲಾಖೆಯವರು ಅದನ್ನು 370ರದ್ದು ಅನ್ನುತ್ತಾರೆ, ಅಂದರೆ 450ರ ಹಲ್ಮಿಡಿ ಶಾಸನಕ್ಕಿಂತ ಹಿಂದಿನದು. ಪಂಡಿತರು ಚರ್ಚೆ ಮಾಡಿಕೊಳ್ಳಲಿ. ನವೆಂಬರ್ ಬಂದರೆ ಊರೂರಲ್ಲಿ ಬಾವುಟ ಹಾರಿಸುವ ನಾವು, ಈ ಜಾಗಕ್ಕೆ ಮಕ್ಕಳನ್ನು ಕರೆದುಕೊಂಡು ಬರೋದಿಲ್ಲ ಅಲ್ವಾ, ಬೇಜಾರು ಅದೇ.

ಗೈಡ್‌ಗಳು ಎಲ್ಲಿಂದ? ಇಲ್ಲಿಂದಲೇ. ನಮ್ಮ ಕಾಲೇಜುಗಳಲ್ಲಿ ಬಿಎ ಓದಿದ ಹುಡುಗಿಯರು ಮನೆಯಲ್ಲಿ ಕೂತಿದ್ದಾರೆ. ಶಿರಾಳಕೊಪ್ಪದ ಹುಡುಗರು ಕನ್ನಡ, ಉರ್ದು, ಹಿಂದಿ ಮೂರನ್ನೂ ನೀರು ಕುಡಿದ ಹಾಗೆ ಮಾತಾಡುತ್ತಾರೆ. ಹಂಪಿಯಲ್ಲಿ ವಿಜಯವಿಠ್ಠಲ ಗುಡಿಗೆ ಹೋಗುವ ಬ್ಯಾಟರಿ ಗಾಡಿಗಳನ್ನು ಅಲ್ಲಿನ ಹೆಣ್ಣುಮಕ್ಕಳೇ ಓಡಿಸಿದ್ದಾರೆ, ನಮ್ಮಲ್ಲಿ ಯಾಕಾಗಬಾರದು? ಕುವೆಂಪು ವಿಶ್ವವಿದ್ಯಾಲಯದ ಇತಿಹಾಸದ ಮೇಷ್ಟ್ರುಗಳಿಂದ ತರಬೇತಿ ಕೊಡಿಸಿ. ಎಪಿಗ್ರಾಫಿಯ ಕರ್ನಾಟಿಕ ಅನ್ನುವ ಶಾಸನ ಸಂಗ್ರಹದ 7ನೇ ಸಂಪುಟದಲ್ಲಿ ಶಿಕಾರಿಪುರದ ಶಾಸನಗಳಿವೆ, ಬೇಕಾದ್ದನ್ನು ಸರಳ ಕನ್ನಡ ಮಾಡಿಸಿ ಅವರ ಕೈಗೆ ಕೊಡಿ. ಕತೆ ಕಟ್ಟಿ ಹೇಳೋದು ಬೇಡ, ಇರುವುದೇ ಬೇಕಾದಷ್ಟಿದೆ. ಮತ್ತೆ ಅವರಿಗೆ ತಿಂಗಳಿಗೆ ಸರಿಯಾಗಿ ಸಂಬಳ ಕೊಡಿ. ಟಿಪ್ಸ್ ನಂಬಿ ಬದುಕುವ ಗೈಡ್ ಶಾಸನ ಓದೋದಿಲ್ಲ, ಪ್ರವಾಸಿಯ ಮುಖ ಓದುತ್ತಾನೆ.

ಊರಿನವರಿಗೂ ಒಂದು ಮಾತು. ಗಾಡಿ ಬಂತು ಅಂತ ಗುಡಿಯ ಮುಂದೆ ಎಳನೀರು, ಮಂಡಕ್ಕಿಯ ಸಾಲು ಅಂಗಡಿ ಎಬ್ಬಿಸಬೇಡಿ, ಸ್ವಲ್ಪ ದೂರದಲ್ಲಿ ಇಡಿ, ವ್ಯಾಪಾರ ಆಗೇ ಆಗುತ್ತದೆ. ಹಿತ್ತಿಲಲ್ಲಿ, ಕಟ್ಟೆಯಲ್ಲಿ ಶಾಸನದ ಕಲ್ಲು ಇದ್ದರೆ ಅದರ ಮೇಲೆ ಬಟ್ಟೆ ಒಗೆಯೋದು ನಿಲ್ಲಿಸಿ, ಪಂಚಾಯ್ತಿಗೆ ತಿಳಿಸಿ. ಬೈಬೇಡಿ, ಗೊತ್ತಿರುವವರಿಗೇ ಹೇಳುತ್ತಿದ್ದೇನೆ.

ಮಾನ್ಯರೇ, ಈ ಸುಗ್ಗಿ ಮುಗಿಯುವುದರೊಳಗೆ ಒಂದು ಸಭೆ ಕರೆಯಿರಿ. ಶಿವಮೊಗ್ಗದಲ್ಲಿ ಬೇಡ, ಬಳ್ಳಿಗಾವಿಯ ಶಾಲೆಯಲ್ಲೋ ಪಂಚಾಯ್ತಿ ಕಟ್ಟೆಯಲ್ಲೋ ಇಡಿ. ಪುರಾತತ್ವ ಇಲಾಖೆಯವರು, ಕರೆಂಟಿನ ಮೆಸ್ಕಾಂನವರು, ಆರ್‌ಟಿಒ ಕಡೆಯಿಂದ ಒಬ್ಬರು, ಕಾಲೇಜಿನ ಮಕ್ಕಳು ಇರಲಿ. ಮೊದಲ ಆರು ತಿಂಗಳು ಪ್ರಯೋಗ ಅಂತಲೇ ನಡೆಸಿ, ಸರಿ ಬಂದರೆ ಕೆಳದಿ, ಇಕ್ಕೇರಿ, ಬಂದಳಿಕೆಗೂ ನೋಡೋಣ. ಗಾಡಿ ಆರಿಸುವಾಗ ಕರೆದರೆ ಸಂಬಳ ಇಲ್ಲದೆ ಬಂದು ಬಿಚ್ಚಿ ನೋಡಿ ಹೇಳುತ್ತೇನೆ. ಸಂತೆ ದಿನ ಮಾತ್ರ ಸಭೆ ಇಡಬೇಡಿ, ಅವತ್ತು ಗ್ಯಾರೇಜಿನಲ್ಲಿ ಕೆಲಸ ಜಾಸ್ತಿ.

ಇಂತಿ ನಿಮ್ಮವ,
ಶಿರಾಳಕೊಪ್ಪದ ಕಡೆಯ ಒಬ್ಬ ಗ್ಯಾರೇಜಿನವನು